ನೀಲಿ, ಕಡು ನೀಲಿ, ಬಿದ್ರಿ ಕಪ್ಪು
ಕಲಬುರಗಿಯಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಓದುತ್ತಿದ್ದೇನೆ, ಈ ಸೆಮಿಸ್ಟರ್ ಟ್ರಾನ್ಸಿಷನ್ ಮೆಟಲ್ಸ್, ಅಂದರೆ ತಾಮ್ರ, ಕಬ್ಬಿಣದಂಥ ಲೋಹಗಳು. ಇಷ್ಟು ಮಜಾ ಇರೋ ಪಾಠ ಇನಾರ್ಗ್ಯಾನಿಕ್‌ನಲ್ಲಿ ಬೇರೆ ಇಲ್ಲ. ಮೈಲುತುತ್ತ (ತಾಮ್ರದ ಸಲ್ಫೇಟ್) ನೀರಲ್ಲಿ ತಿಳಿ ನೀಲಿ, ಅಮೋನಿಯಾ ಜಾಸ್ತಿ ಹಾಕಿದರೆ ಕಡು ನೀಲಿ. ತಾಮ್ರ ಅದೇ, ಸುತ್ತ ಅಂಟಿ ಕೂತ ಅಣು, ಅಂದರೆ ಲಿಗ್ಯಾಂಡ್, ನೀರಿನಿಂದ ಅಮೋನಿಯಾಗೆ ಬದಲಾಯಿತು, ಎಲೆಕ್ಟ್ರಾನ್ ಕೂರುವ ಡಿ ಆರ್ಬಿಟಲ್‌ಗಳ ನಡುವಿನ ಶಕ್ತಿಯ ಅಂತರ ಹೆಚ್ಚಾಯಿತು, ಹಾಗಾಗಿ ಹೀರಿಕೊಳ್ಳುವ ಬೆಳಕೂ ಬೇರೆ. ಸತುವಿಗೆ ಈ ಆಟ ಇಲ್ಲ: ಅದರ ಅಯಾನಿನಲ್ಲಿ 10 ಡಿ ಎಲೆಕ್ಟ್ರಾನ್‌ಗಳು, ಎಲ್ಲಾ ಭರ್ತಿ, ಜಿಗಿಯಲು ಜಾಗವೇ ಇಲ್ಲ, ದ್ರಾವಣಕ್ಕೆ ಬಣ್ಣವೂ ಇಲ್ಲ.

ನಮ್ಮ ಪಕ್ಕದ ಬೀದರ್‌ನ ಬಿದ್ರಿ ಹೂಜಿಯಲ್ಲಿ ಹೆಚ್ಚು ಇರೋದು ಇದೇ ಸತು, ಜೊತೆಗೆ ಸ್ವಲ್ಪ ತಾಮ್ರ. ಕೋಟೆ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿ ಹಚ್ಚಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಕುಸುರಿ ಮಾತ್ರ ಹಾಗೇ ಹೊಳೆಯುತ್ತದೆ. ಇದನ್ನೂ ಪಾಠಕ್ಕೆ ಸೇರಿಸಬಹುದು ಅಲ್ವಾ? ಎಲೆಕ್ಟ್ರಾನ್ ಸ್ಥಿತಿ ಸೂಚಿಸುವ ಟರ್ಮ್ ಸಿಂಬಲ್‌ಗಳನ್ನು ಸುಮ್ನೆ ಉರು ಹೊಡೆಯುವುದಕ್ಕಿಂತ ವಾಸಿ.