ಕಾಸಿದ ತಮಟೆ, ದೊಡ್ಡಮ್ಮನ ಕ್ರೇಪ್ ಸೀರೆ

ನವೆಂಬರ್ 16, 2025, ಭಾನುವಾರ
ಚಿಕ್ಕಬಳ್ಳಾಪುರ

ಇವತ್ತು ಎರಡು ವಿಷಯ ಬರೆಯಲೇಬೇಕು. ಒಂದು ಕೇಳುವುದು, ಇನ್ನೊಂದು ಉಡುವುದು. ಬೇರೆ ಬೇರೆಯಾಗಿ ಬರೆಯೋಣ ಅಂದುಕೊಂಡಿದ್ದೆ. ಆದರೆ ಬೆಳಿಗ್ಗೆ ಕಂಡಿದ್ದು ಮಧ್ಯಾಹ್ನ ಕಂಡಿದ್ದಕ್ಕೆ ತಾನಾಗೇ ಬಂದು ಸೇರಿಕೊಂಡಿತು.

ನಮ್ಮ ಬೀದಿ ಕೊನೆಯ ಆಟೋ ಸ್ಟ್ಯಾಂಡಿನಲ್ಲಿ ಇವತ್ತು ರಾಜ್ಯೋತ್ಸವ. ಒಂದನೇ ತಾರೀಖಿಗೇ ಮುಗಿಯುವ ಹಬ್ಬ ಅಲ್ಲ ಇದು, ನವೆಂಬರ್ ಪೂರ್ತಿ ಎಲ್ಲಾದರೂ ಒಂದು ಕಡೆ ನಡೆಯುತ್ತಲೇ ಇರುತ್ತದೆ. ಭುವನೇಶ್ವರಿ ಫೋಟೋ, ಹಳದಿ ಕೆಂಪು ಬಾವುಟ, ದೊನ್ನೆಯಲ್ಲಿ ಕೇಸರಿಬಾತ್, ಆಮೇಲೆ ಮೆರವಣಿಗೆ. ಈ ಸಲ ಡಿಜೆ ಬಿಟ್ಟು ತಮಟೆಯವರನ್ನು ಕರೆಸಿದ್ದರು. ಹಾಲು ತರಲು ಹೋದವಳು ಅಲ್ಲೇ ನಿಂತೆ. ಮೆರವಣಿಗೆ ಇನ್ನೂ ಹೊರಟಿರಲಿಲ್ಲ. ತಮಟೆಯವರು ರಸ್ತೆ ಪಕ್ಕ ಒಣ ತೆಂಗಿನ ಗರಿ, ರದ್ದಿ ಪೇಪರ್ ಹಾಕಿ ಬೆಂಕಿ ಮಾಡಿಕೊಂಡು ಕೂತಿದ್ದರು.

ತಮಟೆ ಕಾಸುವುದನ್ನು ಹತ್ತಿರದಿಂದ ನೋಡಬೇಕು. ಚರ್ಮದ ಮುಖವನ್ನು ಬೆಂಕಿಯ ಕಡೆ ಹಿಡಿದು ನಿಧಾನವಾಗಿ ತಿರುಗಿಸುತ್ತಾ ಹೋಗುತ್ತಾರೆ. ಒಂದೇ ಕಡೆ ಹಿಡಿದರೆ ಚರ್ಮ ಸುಟ್ಟು ಸೀಳುತ್ತದೆ. ದೂರ ಹಿಡಿದರೆ ಕಾಯುವುದೇ ಇಲ್ಲ. ನಡುನಡುವೆ ಬೆರಳ ತುದಿಯಲ್ಲಿ ಒಂದು ತಟ್ಟು ತಟ್ಟಿ ಕಿವಿ ಕೊಡುತ್ತಾರೆ. ಮೊದಲು 'ದಬ್' ಅಂತ ಸತ್ತ ಸದ್ದು. ಸ್ವಲ್ಪ ಹೊತ್ತಿಗೆ 'ದಣ್'. ಆಮೇಲೆ ಎದೆಗೇ ಬಂದು ಬೀಳುವ ಹಾಗೆ 'ಟಣ್'. ಇಬ್ಬನಿಗೆ ಚರ್ಮ ತೇವ ಹೀರಿ ಸಡಿಲವಾಗಿರುತ್ತದೆ. ಬೆಂಕಿಗೆ ಆ ತೇವ ಹೋಗಿ ಚರ್ಮ ಬಿಗಿಯುತ್ತದೆ. ಬಿಗಿದಷ್ಟೂ ಸ್ವರ ಮೇಲೆ ಹೋಗುತ್ತದೆ. ಅಲ್ಲಿದ್ದವರಲ್ಲಿ ವಯಸ್ಸಾದ ಒಬ್ಬರು ನಾನು ನೋಡುತ್ತಿದ್ದುದನ್ನು ಕಂಡು, "ಚಳಿಗೆ ಮೆತ್ತಗಾಗ್ತೈತಮ್ಮ, ಕಾಸಿದ್ರೇನೇ ಅದು ಮಾತಾಡೋದು" ಅಂದರು.

"ಫೈಬರ್‌ದು ಬಂದಿದೆಯಲ್ಲಣ್ಣ, ಅದನ್ನು ಕಾಸೋದು ಬೇಡ ಅಲ್ವಾ?" ಅಂದೆ. ಅವರ ಗುಂಪಿನ ಹುಡುಗನ ಹತ್ತಿರ ಅಂಥದ್ದೊಂದು ಇತ್ತು. ಮಳೆಗಾಲಕ್ಕೆ ಅದೇ ಒಳ್ಳೇದು ಅಂದರು. ಹಗುರ, ಬೇಗ ಹರಿಯುವುದಿಲ್ಲ, ಬೆಂಕಿ ಬೇಡ. ಆಮೇಲೆ ಎರಡನ್ನೂ ಪಕ್ಕಪಕ್ಕ ಬಾರಿಸಿ ತೋರಿಸಿದರು. ಫೈಬರಿನದು ಚುರುಕಾಗಿ ಹೊಡೆದು ಅಲ್ಲೇ ನಿಂತುಬಿಡುತ್ತದೆ. ಚರ್ಮದ್ದು ಹೊಡೆದ ಮೇಲೂ ಒಂದು ಗಳಿಗೆ ಗುಂಯ್ ಅನ್ನುತ್ತಾ ಉಳಿಯುತ್ತದೆ. ಆ ಉಳಿಯುವ ಸದ್ದಿನ ಮೇಲೇ ಮುಂದಿನ ಪೆಟ್ಟು ಬಂದು ಕೂರುತ್ತದೆ. ನನಗೆ ಚರ್ಮದ್ದೇ ಹಿಡಿಸಿತು. ಆದರೆ ಮಳೆಯಲ್ಲಿ ಬಾರಿಸಿ ದುಡಿಯಬೇಕಾದವರು ಫೈಬರ್ ಹಿಡಿದರೆ ಬೇಡ ಅನ್ನಲು ನಾನು ಯಾರು?

ಗೆಳತಿಯರಿಗೆ ಇದನ್ನು ಹೇಳಬೇಕು. ತಮಟೆ ಕೇಳುವಾಗ ಎರಡು ಕೈಗಳನ್ನೂ ಬೇರೆ ಬೇರೆಯಾಗಿ ಕೇಳಿ. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಎಡಗೈಯಲ್ಲಿ ಉದ್ದನೆಯ ತೆಳ್ಳಗಿನ ಬಿದಿರು ಕಡ್ಡಿ. ದಪ್ಪ ಕೋಲು ನಡೆ ಇಡುತ್ತದೆ. ತೆಳ್ಳಗಿನ ಕಡ್ಡಿ ಅದರ ಸಂದಿಗಳಲ್ಲಿ ಚಟಪಟ ಅಂತ ತುಂಬಿಕೊಂಡು ಹೋಗುತ್ತದೆ. ಮೊದಲು ಕಡ್ಡಿಯ ಸದ್ದೊಂದನ್ನೇ ಹಿಡಿದು ನೋಡಿ. ಆಮೇಲೆ ಕಾಲುಗಳನ್ನು ನೋಡಿ. ಬಾರಿಸುವವರೇ ಕುಣಿಯುವವರು, ಅವರ ಹೆಜ್ಜೆಯೂ ತಾಳದ ಒಂದು ಭಾಗವೇ. ಮುಂದಿರುವವರು ಭುಜ ಒಂದಿಷ್ಟು ಇಳಿಸಿದರು ಅಂದರೆ ಗತಿ ಬದಲಾಗುತ್ತದೆ. ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ, ಇಡೀ ಗುಂಪು ಒಟ್ಟಿಗೆ ತಿರುಗುತ್ತದೆ. ಇವತ್ತು ಆ ತಿರುವು ಬಂದಾಗಲೆಲ್ಲ ಮೈ ಜುಮ್ಮೆಂದಿತು.

ವಿಡಿಯೊ ಮಾಡಿಕೊಂಡೆ. ಮನೆಗೆ ಬಂದು ಹಾಕಿದರೆ ಏನೂ ಇಲ್ಲ. ಫೋನಿನ ಪುಟ್ಟ ಸ್ಪೀಕರಿನಲ್ಲಿ ದಪ್ಪ ಕೋಲಿನ ಕೆಳಗಿನ ಸ್ವರ ಬರುವುದೇ ಇಲ್ಲ, ಬರೀ ಕಡ್ಡಿಯ ಚಟಚಟ. ತಮಟೆ ಅಂದರೆ ಗಲಾಟೆ ಅನ್ನುವವರು ಬಹುಶಃ ಹೀಗೇ ಅರ್ಧ ಕೇಳಿರುತ್ತಾರೆ. ಇದನ್ನು ಬೀದಿಯಲ್ಲಿ ನಿಂತೇ ಕೇಳಬೇಕು.

ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆಗೆ ಬಂದ ಗೌರವ ಅದು. ನಾನು ಈ ವಿಷಯ ತೆಗೆದಾಗ ಬೆಂಕಿ ಮುಂದೆ ಕೂತಿದ್ದವರ ಮುಖ ನೋಡಬೇಕಿತ್ತು. "ನಮ್ಮೋರು" ಅಂದರು, ಅಷ್ಟೇ. ಆ ಒಂದು ಮಾತಿನ ಹಿಂದೆ ಎಷ್ಟು ಕಾಲ ಇದೆ! ಎಷ್ಟೋ ಊರುಗಳಲ್ಲಿ ತಮಟೆ ಬಾರಿಸುವುದು ಒಂದು ಕೇರಿಯವರ ಮೇಲೆ ಹೇರಿದ ಕೆಲಸವಾಗಿತ್ತು. ಸಾವಿಗೆ ಬಾರಿಸು, ಊರಿಗೆ ಸಾರಲು ಬಾರಿಸು, ಜಾತ್ರೆಗೆ ಬಾರಿಸು, ಗುಡಿಯ ಒಳಗೆ ಮಾತ್ರ ಬರಬೇಡ. ಅದಕ್ಕೇ ಓದಿದ ಹುಡುಗರು ಕೆಲವರು ನಾವು ಇದನ್ನು ಮುಟ್ಟುವುದಿಲ್ಲ ಅನ್ನುತ್ತಾರೆ. ಅವರ ಮಾತಿನಲ್ಲಿ ನ್ಯಾಯ ಇದೆ. ಮುಂದೆ ಇದೇ ವಾದ್ಯ ದಲಿತ ಚಳವಳಿಯ ಹಾಡುಗಳ ಜೊತೆ ಬೀದಿಗೆ ಬಂತು, ವೇದಿಕೆಗೂ ಬಂತು. ನನಗೆ ಇದು ಹೊಸದಾಗಿ ಸಿಕ್ಕಿದ ಸಂಗೀತ. ಬಾರಿಸುವವರಿಗೆ ಅಜ್ಜನ ಕಾಲದ ನೋವೂ ಹೌದು, ಹೆಮ್ಮೆಯೂ ಹೌದು. ಚೆನ್ನಾಗಿದೆ ಅಂತ ಹಂಚಿಕೊಳ್ಳುವಾಗ ಅಷ್ಟು ತಿಳಿದುಕೊಂಡೇ ಹಂಚಿಕೊಳ್ಳಬೇಕು ಅನ್ನಿಸಿತು.

ಮಧ್ಯಾಹ್ನ ಶಿಡ್ಲಘಟ್ಟಕ್ಕೆ ಹೋದೆ, ದೊಡ್ಡಮ್ಮನ ಮನೆಗೆ. ಮದುವೆ ಕೆಲಸ ಶುರುವಾಗಿದೆ ಅಲ್ಲಿ. ಬಸ್ಸಿಳಿದು ಅವರ ಬೀದಿಗೆ ತಿರುಗಿದರೆ ಸಾಕು, ರೇಷ್ಮೆ ಗೂಡು ಬೇಯಿಸುವ ವಾಸನೆ ಬರುತ್ತದೆ. ಹೊಸಬರಿಗೆ ತಡೆಯುವುದು ಕಷ್ಟ. ಇಲ್ಲಿ ಬೆಳೆದವರಿಗೆ ಅದು ಅನ್ನದ ವಾಸನೆ. ದೊಡ್ಡಮ್ಮ ವಯಸ್ಸಿನಲ್ಲಿದ್ದಾಗ ರೀಲಿಂಗ್, ಅಂದರೆ ಗೂಡಿನಿಂದ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದವರು. ಬಿಸಿನೀರಿನಲ್ಲಿ ಇದ್ದೂ ಇದ್ದೂ ಬೆರಳ ತುದಿಗಳು ಇವತ್ತಿಗೂ ಬಿಳಿಚಿಕೊಂಡೇ ಇವೆ.

ಪಕ್ಕದ ಮನೆಯವರದು ಈಗಲೂ ರೀಲಿಂಗ್. ಬಾಗಿಲಲ್ಲಿ ನಿಂತು ನೋಡಿದೆ. ಗೂಡುಗಳನ್ನು ಕುದಿಯುವ ನೀರಿನಲ್ಲಿ ಬೇಯಿಸುತ್ತಾರೆ. ನೂಲನ್ನು ಹಿಡಿದಿಟ್ಟ ಅಂಟು ಮೆತ್ತಗಾಗುತ್ತದೆ. ಆಮೇಲೆ ಗೂಡಿನ ಎಳೆಯ ತುದಿ ಹುಡುಕುತ್ತಾರೆ. ಕಣ್ಣಿಗೆ ಕಾಣುವುದೇ ಕಷ್ಟ, ಆ ಅಕ್ಕ ಮಾತಾಡುತ್ತಲೇ ಎತ್ತಿಕೊಳ್ಳುತ್ತಿದ್ದರು. ಒಂದು ಗೂಡಿನ ಎಳೆಯಿಂದ ಏನೂ ಆಗುವುದಿಲ್ಲ, ಅಷ್ಟು ಸಣ್ಣ. ಎಂಟೋ ಹತ್ತೋ ಗೂಡುಗಳ ಎಳೆ ಸೇರಿದರೆ ಒಂದು ನೂಲು. ಒಂದು ಗೂಡು ಮುಗಿಯುತ್ತಾ ಬಂದ ಹಾಗೆ ಇನ್ನೊಂದರ ತುದಿ ಸೇರಿಸಬೇಕು, ನೂಲು ತೆಳ್ಳಗಾಗಬಾರದು. ಬಿಳಿ ಗೂಡು ಅಂದರೆ ಬೈವೋಲ್ಟೈನ್ ಅನ್ನುವ ತಳಿಯ ಹುಳುವಿನದು, ಒಳ್ಳೆಯದಾದರೆ ಒಂದೇ ಗೂಡಿನಿಂದ 1000 ಮೀಟರಿಗೂ ಜಾಸ್ತಿ ಎಳೆ ಬರುತ್ತದೆ. ಹಳದಿ ಗೂಡಿನಲ್ಲಿ ಅದಕ್ಕಿಂತ ಕಡಿಮೆ. ಒಂದು ಕಿಲೊ ರೇಷ್ಮೆಗೆ ಸುಮಾರು 6ರಿಂದ 8 ಕಿಲೊ ಗೂಡು ಬೇಕು. ಇಲ್ಲಿನ ನೂಲು ಕಾಂಚೀಪುರಕ್ಕೂ ಧರ್ಮಾವರಕ್ಕೂ ಹೋಗಿ ಸೀರೆಯಾಗುತ್ತದೆ. ಸೀರೆಗೆ ಆ ಊರಿನ ಹೆಸರು. ಶಿಡ್ಲಘಟ್ಟದ ಹೆಸರು ಯಾವ ಸೆರಗಿನ ಮೇಲೂ ಇರುವುದಿಲ್ಲ. ಇದು ನನಗೆ ಬೇಜಾರಿನ ವಿಷಯ.

ದೊಡ್ಡಮ್ಮ ಪೆಟ್ಟಿಗೆ ತೆಗೆದು ಒಂದು ಮೈಸೂರು ಸಿಲ್ಕ್ ಕ್ರೇಪ್ ಕೊಟ್ಟರು. ಕಡು ನೇರಳೆ, ಬೆರಳಗಲದ ಜರಿ ಅಂಚು, ಒಡಲಲ್ಲಿ ಒಂದು ಬುಟ್ಟಾ ಕೂಡ ಇಲ್ಲ. ಹಳೆ ಪಂಚೆಯಲ್ಲಿ ಸುತ್ತಿಟ್ಟಿದ್ದರು. ನಾನು ಬೆಳಕಿಗೆ ಹಿಡಿದು ನೋಡಲು ಹೋದೆ. "ರೇಷ್ಮೆ ನೋಡೋದು ಕಣ್ಣಲ್ಲಲ್ಲ ಕಣೇ, ಹೆಬ್ಬೆಟ್ಟಲ್ಲಿ" ಅಂತ ನನ್ನ ಕೈ ಹಿಡಿದು ಬಟ್ಟೆಯ ಮೇಲೆ ಉಜ್ಜಿಸಿದರು. ನುಣುಪು ಇದೆ, ಆದರೆ ಜಾರುವ ನುಣುಪಲ್ಲ. ಸಣ್ಣ ರವೆ ಮುಟ್ಟಿದ ಹಾಗೆ ಬೆರಳಿಗೆ ಏನೋ ತಾಗುತ್ತದೆ.

ಆ ರವೆ ಹೇಗೆ ಬರುತ್ತದೆ ಅಂತ ದೊಡ್ಡಮ್ಮನೇ ಬಿಡಿಸಿ ಹೇಳಿದರು. ಕ್ರೇಪಿನ ಹೊಕ್ಕಿಗೆ, ಅಂದರೆ ಅಡ್ಡಕ್ಕೆ ಹಾಕುವ ನೂಲನ್ನು ವಿಪರೀತ ಹುರಿ ಮಾಡುತ್ತಾರೆ. ಒಂದಿಷ್ಟು ನೂಲಿಗೆ ಬಲಕ್ಕೆ ಹುರಿ, ಒಂದಿಷ್ಟಕ್ಕೆ ಎಡಕ್ಕೆ. ಎರಡನ್ನೂ ಸರದಿಯಂತೆ ಹಾಕಿ ನೇಯುತ್ತಾರೆ. ಮಗ್ಗದಿಂದ ಇಳಿದಾಗ ಬಟ್ಟೆ ಸಪಾಟಾಗಿ, ಬಿರುಸಾಗಿ ಇರುತ್ತದೆ. ಯಾಕೆಂದರೆ ರೇಷ್ಮೆಯ ಅಂಟು ಇನ್ನೂ ನೂಲನ್ನು ಹಿಡಿದಿರುತ್ತದೆ. ಬಿಸಿ ಸೋಪುನೀರಿನಲ್ಲಿ ಬೇಯಿಸಿದಾಗ ಆ ಅಂಟು ಬಿಡುತ್ತದೆ. ಹಸಿ ರೇಷ್ಮೆಯ ತೂಕದಲ್ಲಿ ಕಾಲು ಭಾಗದಷ್ಟು ಅಂಟೇ ಇರುತ್ತದಂತೆ. ಅಂಟು ಬಿಟ್ಟ ತಕ್ಷಣ ಹುರಿಯಾದ ನೂಲು ಬಿಚ್ಚಿಕೊಳ್ಳಲು ನೋಡುತ್ತದೆ. ಒಂದು ಬಲಕ್ಕೆ ಎಳೆದರೆ ಪಕ್ಕದ್ದು ಎಡಕ್ಕೆ ಎಳೆಯುತ್ತದೆ. ಎರಡೂ ಗೆಲ್ಲುವುದಿಲ್ಲ, ಬಟ್ಟೆ ಅಲ್ಲೇ ಸಣ್ಣಗೆ ಮುದುರಿ ನಿಲ್ಲುತ್ತದೆ. ಬೆರಳಿಗೆ ಸಿಕ್ಕಿದ್ದು ಆ ಎಳೆದಾಟವೇ. ಕ್ರೇಪ್ ಮೈಮೇಲೆ ಅಷ್ಟು ಚೆನ್ನಾಗಿ ಇಳಿಬೀಳುವುದೂ ಅದರಿಂದಲೇ.

ಕೇಳುತ್ತಾ ಕೇಳುತ್ತಾ ಬೆಳಗಿನ ಬೆಂಕಿ ನೆನಪಾಯಿತು. ಅಲ್ಲಿ ತೇವ ಹೋಗಿ ಚರ್ಮ ಬಿಗಿಯಿತು. ಇಲ್ಲಿ ಅಂಟು ಹೋಗಿ ನೂಲು ಸೆಟೆಯಿತು. ಬಿಸಿ ಎಷ್ಟು ಬೇಕು, ಎಲ್ಲಿಗೆ ನಿಲ್ಲಿಸಬೇಕು ಅನ್ನುವ ಹದ ಗೊತ್ತಿರುವುದು ಮಾಡುವವರ ಬೆರಳಿಗೆ. ಇನ್ನು ಮೇಲೆ ಯಾವ ಬಟ್ಟೆ ನೋಡಿದರೂ, ಯಾವ ವಾದ್ಯ ಕೇಳಿದರೂ, ಇದು ಬಿಗಿದಿದ್ದು ಹೇಗೆ ಅಂತಲೇ ನಾನು ಮೊದಲು ಕೇಳುವುದು.

ಮೈಸೂರು ಸಿಲ್ಕ್ ನೇಯ್ಗೆ ಶುರುವಾಗಿದ್ದು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಈಗ ಅದರ ಹೆಸರಿನಲ್ಲಿ ಅಂಗಡಿಗಳಲ್ಲಿ ಏನೇನೋ ಮಾರುತ್ತಾರೆ. ಅನುಮಾನ ಬಂದರೆ ಅಂಚಿನ ಒಳಗಿನಿಂದ ಒಂದೆರಡು ಎಳೆ ತೆಗೆದು ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಮನೆಯಲ್ಲಿ ಇಡುವುದಕ್ಕೆ ಪ್ಲಾಸ್ಟಿಕ್ ಕವರ್ ಬೇಡ, ಹತ್ತಿ ಬಟ್ಟೆಯಲ್ಲಿ ಸುತ್ತಿ. ಆಗಾಗ ಮಡಿಕೆ ಬದಲಿಸಿ, ಇಲ್ಲದಿದ್ದರೆ ಒಂದೇ ಗೆರೆಯಲ್ಲಿ ಜರಿ ಮುರಿಯುತ್ತದೆ. ಸೆಂಟ್ ಹೊಡೆದುಕೊಳ್ಳುವುದು ಸೀರೆ ಉಡುವ ಮುಂಚೆ.

ಹಳೆ ರೇಷ್ಮೆ ಸೀರೆ ಕತ್ತರಿಸಿ ಗೌನ್ ಹೊಲಿಸುವುದು ಈಗ ಎಲ್ಲೆಲ್ಲೂ ನಡೆಯುತ್ತಿದೆ. ಹರಿದಿದ್ದರೆ ಕತ್ತರಿಸಿ, ಖಂಡಿತ ಕತ್ತರಿಸಿ. ಗಟ್ಟಿಯಾಗಿರುವ ಸೀರೆಗೆ ಮಾತ್ರ ಕತ್ತರಿ ಹಾಕಬೇಡಿ. ರವಿಕೆ ಬದಲಿಸಿದರೆ ಸಾಕು, ಸೀರೆ ಇವತ್ತಿನದಾಗುತ್ತದೆ. ಗುಳೇದಗುಡ್ಡದ ಖಣದ ರವಿಕೆ ಬಟ್ಟೆ ಒಂದು ನನ್ನ ಹತ್ತಿರ ಇತ್ತು, ಇಟ್ಟಿಗೆ ಕೆಂಪು. ಆ ನೇರಳೆಯ ಪಕ್ಕ ಇಟ್ಟ ಕೂಡಲೇ ನಾನೂ ದೊಡ್ಡಮ್ಮನೂ ಒಟ್ಟಿಗೆ "ಆಹಾ" ಅಂದೆವು. ಕ್ರೇಪಿನಲ್ಲಿ ಚಿತ್ತಾರ ಇಲ್ಲ, ಅದು ಹರಿದುಹೋಗುವ ಬಟ್ಟೆ. ಖಣದಲ್ಲಿ ಒತ್ತೊತ್ತಾಗಿ ಚಿಕ್ಕ ಚಿತ್ತಾರ, ಅದು ನಿಲ್ಲುವ ಬಟ್ಟೆ. ಅದಕ್ಕೇ ಒಂದಕ್ಕೊಂದು ಒಪ್ಪುತ್ತದೆ. ರವಿಕೆಗೆ ಮೊಣಕೈವರೆಗೆ ತೋಳು, ಹಿಂದೆ ಗುಂಡಿ, ಬೇರೆ ಏನೂ ಅಲಂಕಾರ ಬೇಡ ಅಂತ ಹೊಲಿಯುವವರಿಗೆ ಹೇಳಿದ್ದೇನೆ.

ಒಡವೆ ಕೂಡ ಕಡಿಮೆ. ಕೈ ತುಂಬ ಗಾಜಿನ ಬಳೆ ಮಾತ್ರ. ಕಾಂಚೀಪುರದ ಸೀರೆ ನಡೆದರೆ ಸರಪರ ಅನ್ನುತ್ತದೆ. ಕ್ರೇಪ್ ಸದ್ದು ಮಾಡುವುದಿಲ್ಲ, ಹಾಗಾಗಿ ಬಳೆಯ ಸದ್ದು ಪೂರ್ತಿ ಕೇಳುತ್ತದೆ. ಬಳೆ ಅಂದಾಗ ದೊಡ್ಡಮ್ಮ ಕೈವಾರ ತಾತಯ್ಯನವರ ಪದ ಗುನುಗಲು ಶುರು ಮಾಡಿದರು. ತಾತಯ್ಯನವರು ಊರೂರು ತಿರುಗಿ ಬಳೆ ಮಾರುತ್ತಿದ್ದವರು, ಆಮೇಲೆ ಯೋಗಿ ನಾರೇಯಣರಾದವರು. ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದರು. ನಮ್ಮ ಕಡೆ ಮನೆಗಳಲ್ಲಿ ಒಂದೇ ಮಾತಿನಲ್ಲಿ ಎರಡೂ ಭಾಷೆ ಬರುತ್ತವೆ, ಅದಕ್ಕೇ ಅವರ ಪದ ನಮಗೆ ಅಷ್ಟು ಹತ್ತಿರ. ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆ ನಿಲ್ಲದ ಸಂಗೀತ ನಡೆಯುತ್ತದೆ. ಮುಂದಿನ ವರ್ಷ ರಾತ್ರಿ ಪೂರ್ತಿ ಅಲ್ಲೇ ಕೂರುವ ಆಸೆ ಇದೆ. ಜೊತೆಗೆ ಬರುವವರು ಹೇಳಿ.

ಸಂಜೆ ಮನೆಯಲ್ಲಿ ದೊಡ್ಡ ಚರ್ಚೆ. ಡಿಸೆಂಬರ್ ಮೊದಲಲ್ಲಿ ದೊಡ್ಡಮ್ಮನ ಮಗನ ಮದುವೆ. ಮೆರವಣಿಗೆಗೆ ಡಿಜೆ ಅಂತ ಮಾತಾಗಿತ್ತು. ತಮಟೆ ಇಡೋಣ ಅಂತ ನಾನು ಬಾಯಿ ಬಿಟ್ಟೆ. ಚಿಕ್ಕಪ್ಪ, "ಮದುವೆ ಮನೇಲಿ ತಮಟೆ ಯಾಕಮ್ಮ, ವಾಲಗ ಇದೆಯಲ್ಲ" ಅಂದರು. ವಾಲಗ ಛತ್ರದ ಒಳಗೆ ಇರಲಿ ಚಿಕ್ಕಪ್ಪ, ತಮಟೆ ಬೀದಿಗೆ ಅಂದೆ. ಅಣ್ಣ ಪೇಚಾಡುತ್ತಿದ್ದ, ಗೆಳೆಯರು ಕುಣಿಯಬೇಕಲ್ಲ ಅಂತ. ಬೆಳಿಗ್ಗೆ ಆಟೋದವರು ಹೇಗೆ ಕುಣಿದರು ಅಂತ ವಿಡಿಯೊ ತೋರಿಸಿದೆ. ಸದ್ದು ಅರ್ಧವೇ ಬಂದರೂ ಕುಣಿತ ಪೂರ್ತಿ ಕಾಣುತ್ತಿತ್ತು. ಅವನು ಒಪ್ಪಿದ. ಕೊನೆಗೆ ದೊಡ್ಡಮ್ಮ, "ಅವರನ್ನೇ ಕರೆಸಿ. ಕೇಳಿದಷ್ಟು ಕೊಡಿ, ಚೌಕಾಸಿ ಮಾಡಬೇಡಿ. ಊಟ ನಮ್ಮ ಜೊತೆ, ಅದೇ ಪಂಕ್ತಿಯಲ್ಲಿ" ಅಂದರು. ಚಿಕ್ಕಪ್ಪ ಆಮೇಲೆ ಮಾತಾಡಲಿಲ್ಲ.

ಬೆಳಿಗ್ಗೆ ಮಾತಾಡಿಸಿದ ಹಿರಿಯರ ನಂಬರ್ ಆಟೋ ಸ್ಟ್ಯಾಂಡಿನವರಿಂದ ಇಸಿದುಕೊಂಡು ಫೋನ್ ಮಾಡಿದೆ. ಬರುತ್ತೇವೆ ಅಂದರು. ಛತ್ರದ ಹತ್ತಿರ ಬೆಂಕಿ ಹಾಕಿಕೊಳ್ಳಲು ಜಾಗ ಇದೆಯಾ ಅಂತ ಮೊದಲೇ ಕೇಳಿದರು. ಪಕ್ಕದ ಖಾಲಿ ಸೈಟಿನವರನ್ನು ನಾಳೆ ಬೆಳಿಗ್ಗೆಯೇ ವಿಚಾರಿಸಬೇಕು. ಒಣ ಗರಿ ಚಿಕ್ಕಪ್ಪನ ತೋಟದಲ್ಲೇ ಸಿಗುತ್ತದೆ.