ಇಷ್ಟೆಲ್ಲ ಕೆಲಸದ ಮಧ್ಯೆ ಕೆ-ಡ್ರಾಮಾಕ್ಕೆ ಟೈಮ್ ಎಲ್ಲಿಂದ?

ಕೊರಿಯನ್, ಚೈನೀಸ್ ಡ್ರಾಮಾ ನೋಡುವವರನ್ನು ಕಂಡರೆ ಎಲ್ಲರೂ ಕೇಳುವುದು ಇದನ್ನೇ: ಬೆಳಗ್ಗೆ ತಿಂಡಿ, ಮಕ್ಕಳ ಡಬ್ಬಿ, ಆಫೀಸು, ಸಂಜೆ ಹೋಂವರ್ಕು, ರಾತ್ರಿ ಅಡುಗೆ, ಇಷ್ಟರಲ್ಲಿ ನಿಮಗೆ ಟೈಮ್ ಎಲ್ಲಿ ಸಿಗುತ್ತೆ?

ಟೈಮಿನ ಲೆಕ್ಕ ಅಷ್ಟೇನೂ ಭಯಂಕರವಲ್ಲ. ಮಾಮೂಲಿ ಕೊರಿಯನ್ ಡ್ರಾಮಾ ಅಂದರೆ 16 ಕಂತು. ಕಂತಿಗೆ 70 ನಿಮಿಷ ಹಿಡಿದರೂ ಒಟ್ಟು 18 ಗಂಟೆ 40 ನಿಮಿಷ. ವಾರಕ್ಕೆ ಐದು ದಿನ, ದಿನಕ್ಕೆ 35 ನಿಮಿಷ ಕೊಟ್ಟರೆ ಆರೂವರೆ ವಾರದಲ್ಲಿ ಮುಗಿಯುತ್ತೆ. ವರ್ಷಗಟ್ಟಲೆ ಎಳೆಯುವ ನಮ್ಮ ಧಾರಾವಾಹಿಗಳ ಮುಂದೆ ಇದು ಏನೂ ಅಲ್ಲ. ನಿಜವಾಗಿ ಕೊರತೆ ಬೀಳುವುದು ಕಣ್ಣಿಗೆ.

ಕನ್ನಡ ಧಾರಾವಾಹಿಯನ್ನು ಅಡುಗೆಮನೆಯಿಂದಲೇ ಕೇಳಿಸಿಕೊಳ್ಳಬಹುದು. ಒಗ್ಗರಣೆ ಸಿಡಿಯುವಾಗ ನಾಲ್ಕು ಮಾತು ತಪ್ಪಿದರೂ ಕತೆ ತಪ್ಪುವುದಿಲ್ಲ; ಹಿನ್ನೆಲೆ ಸಂಗೀತವೇ ಅರ್ಧ ಹೇಳಿಬಿಡುತ್ತೆ. ಸಬ್‌ಟೈಟಲ್ ಓದಿ ನೋಡುವ ಡ್ರಾಮಾದಲ್ಲಿ ಹಾಗಾಗದು. ಸಾಲು ಪರದೆ ಮೇಲೆ ನಿಲ್ಲುವುದೇ ಕೆಲವು ಸೆಕೆಂಡು. ಕುಕ್ಕರ್ ಕಡೆ ತಿರುಗಿ ನೋಡಿ ಬರುವಷ್ಟರಲ್ಲಿ ಯಾರೋ ಯಾರಿಗೋ ಹದಿನೈದು ವರ್ಷದ ಗುಟ್ಟು ಹೇಳಿ ಮುಗಿಸಿರುತ್ತಾರೆ. ಆಮೇಲೆ ಹತ್ತು ಸೆಕೆಂಡು ಹಿಂದೆ, ಮತ್ತೆ ಹತ್ತು ಸೆಕೆಂಡು ಹಿಂದೆ. 70 ನಿಮಿಷದ ಕಂತು 90 ಆಗುವುದು ಹೀಗೆಯೇ.

ಆದ್ದರಿಂದ ಕೆಲಸಗಳನ್ನು ಕೈಯಷ್ಟೇ ಸಾಕಾಗುವವು, ಕಣ್ಣೂ ಬೇಕಾಗುವವು ಅಂತ ಬೇರೆ ಮಾಡಿಕೊಳ್ಳಬೇಕು. ಅವರೆಕಾಯಿ, ಬಟಾಣಿ ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು, ಟವೆಲ್ಲು, ಬೆಡ್‌ಶೀಟು ಮಡಿಸುವುದು ಡ್ರಾಮಾದ ಜೊತೆ ಚೆನ್ನಾಗಿ ಹೊಂದುತ್ತವೆ. ಹುಳ ಇದೆಯೋ ಅಂತ ನೋಡಬೇಕಾದ ಸೊಪ್ಪು ಹೊಂದುವುದಿಲ್ಲ. ಜೋಡಿ ಹುಡುಕಬೇಕಾದ ಮಕ್ಕಳ ಸಾಕ್ಸೂ ಅಷ್ಟೇ. ಈರುಳ್ಳಿ ಹೆಚ್ಚುವುದು, ಇಸ್ತ್ರಿ ಮಾಡುವುದು ಬೇಡವೇ ಬೇಡ. ಇಂಥ ಕೆಲಸದ ಹೊತ್ತಿಗೆ ಹಿಂದಿ, ತಮಿಳು ಅಥವಾ ತೆಲುಗು ಡಬ್ಬಿಂಗ್ ಇರುವ ಇನ್ನೊಂದು ಡ್ರಾಮಾ ಇಟ್ಟುಕೊಂಡರಾಯಿತು. ನೆಟ್‌ಫ್ಲಿಕ್ಸ್‌ನಲ್ಲಿ ಕೆಲವು ದೊಡ್ಡ ಕೊರಿಯನ್ ಸರಣಿಗಳಿಗೆ ಇವು ಸಿಗುತ್ತವೆ. ಇಂಗ್ಲಿಷ್ ಅಕ್ಷರ ಓದಲು ಕಷ್ಟಪಡುವ ಹಿರಿಯರು ಜೊತೆಗೆ ಕೂರುವುದಾದರೂ ಡಬ್ಬಿಂಗೇ ಸರಿ. ಒಂಟಿಯಾಗಿ ನೋಡುವಾಗ ಮಾತ್ರ ಮೂಲ ಧ್ವನಿಯೇ ಇರಲಿ. ಡಬ್ಬಿಂಗಿನಲ್ಲಿ ಒಳ್ಳೆಯ ನಟರ ಅರ್ಧ ನಟನೆ ಸೋರಿಹೋಗುತ್ತೆ.

ಸಬ್‌ಟೈಟಲ್‌ನಿಂದ ಒಂದು ಉಪಕಾರವೂ ಇದೆ. ಮಗು ಪಕ್ಕದಲ್ಲೇ ಮಲಗಿದ್ದರೂ ಸದ್ದು ಪೂರ್ತಿ ತೆಗೆದು ನೋಡಬಹುದು. ಫೋನಿನಲ್ಲಿ ನೋಡುವವರು ಬ್ರೈಟ್‌ನೆಸ್ ತಗ್ಗಿಸಿ, ಸಬ್‌ಟೈಟಲ್ ಅಕ್ಷರವನ್ನು ದೊಡ್ಡದು ಮಾಡಿಕೊಳ್ಳಿ. ಬಿಳಿ ಅಕ್ಷರ ಹಿಮದ ದೃಶ್ಯದಲ್ಲಿ ಕಾಣದೆ ಹೋಗುತ್ತೆ (ಕೊರಿಯನ್ ಪ್ರೇಮಕತೆಗಳಲ್ಲಿ ಹಿಮಕ್ಕೇನು ಬರವೇ), ಹಳದಿ ಬಣ್ಣ ಅಥವಾ ಕಪ್ಪು ಹಿನ್ನೆಲೆ ಹಾಕಿದರೆ ಸಲೀಸು. ವೇಗ 1.25ಕ್ಕೆ ಏರಿಸಿ ಟೈಮ್ ಉಳಿಸುತ್ತೇವೆ ಅನ್ನುವವರಿದ್ದಾರೆ. ಡಬ್ಬಿಂಗಿಗೆ ಸರಿ; ಸಬ್‌ಟೈಟಲ್ ಓದುವಾಗ ಮುಖ ನೋಡಲು ಪುರಸೊತ್ತೇ ಸಿಗುವುದಿಲ್ಲ.

ಇನ್ನು ‘ಒಂದೇ ಕಂತು’ ಅಂತ ಕೂತು ರಾತ್ರಿ ಎರಡು ಗಂಟೆಯಾಗುವ ರೋಗ. ಇದಕ್ಕೆ ಕಾರಣ ಕತೆ ಕಟ್ಟುವ ಕ್ರಮದಲ್ಲೇ ಇದೆ. ಕೊರಿಯಾದ ಟೀವಿಯಲ್ಲಿ ಮಿನಿ ಸರಣಿಗಳು ಬಹುಕಾಲದಿಂದ ವಾರಕ್ಕೆ ಎರಡು ಕಂತಿನಂತೆ, ಸೋಮವಾರ-ಮಂಗಳವಾರ, ಬುಧವಾರ-ಗುರುವಾರ ಅಥವಾ ಶನಿವಾರ-ಭಾನುವಾರ ಬರುತ್ತವೆ. ಮೊದಲ ರಾತ್ರಿಯ ಕೊನೆಗೆ ‘ಮುಂದೇನು’ ಅಂತ ಕಾಡುವ ಒಂದು ಕೊಕ್ಕೆ, ಎರಡನೇ ರಾತ್ರಿಯ ಕೊನೆಗೆ ವಾರವಿಡೀ ಕಾಯಿಸುವಂಥ ಇನ್ನೂ ದೊಡ್ಡ ಕೊಕ್ಕೆ. ಹಾಗಾಗಿ ಸಮಸಂಖ್ಯೆಯ ಕಂತುಗಳ ಕೊನೆಯೇ ಹೆಚ್ಚು ಅಪಾಯ. ಕಂತು ಮುಗಿದ ಮೇಲೆ ನಿಲ್ಲಿಸುತ್ತೇನೆ ಅನ್ನುವುದು ಕೊಕ್ಕೆಗೆ ಸಿಕ್ಕಿಕೊಂಡ ಮೇಲೆ ಬಿಡಿಸಿಕೊಳ್ಳುವ ಮಾತು. ನಡುವೆ ನಿಲ್ಲಿಸಬೇಕು. 30-35 ನಿಮಿಷದ ಹೊತ್ತಿಗೆ ಒಂದು ದೃಶ್ಯ ಮುಗಿದು ಜಾಗ ಬದಲಾಗುತ್ತೆ, ಅಲ್ಲೇ ಆಫ್ ಮಾಡಿ. ಮಾರನೇ ದಿನ ಕೊಕ್ಕೆ ದಾಟಿ, ಮುಂದಿನ ಕಂತಿನ ಮೊದಲ ಐದು ನಿಮಿಷವನ್ನೂ ನೋಡಿ ನಿಲ್ಲಿಸಿದರೆ ನಿದ್ದೆ ಬರುತ್ತೆ. ಬಹುಪಾಲು ಕೊಕ್ಕೆ ಅಷ್ಟರಲ್ಲೇ ಸಡಿಲವಾಗಿರುತ್ತೆ. ಮುಂದಿನ ಕಂತು ತಾನಾಗಿ ಶುರುವಾಗುವ ಸೆಟ್ಟಿಂಗನ್ನೂ ಆಫ್ ಮಾಡಿಡಿ.

2017ರಿಂದ ಕೆಲವು ವರ್ಷ ಅಲ್ಲಿನ ಪ್ರಮುಖ ಚಾನೆಲ್‌ಗಳು ಜಾಹೀರಾತಿಗಾಗಿ ಒಂದು ಕಂತನ್ನು 35 ನಿಮಿಷದ ಎರಡು ತುಂಡು ಮಾಡಿದವು. ಆ ಕಾಲದ ಡ್ರಾಮಾಗೆ 32 ಕಂತು ಅಂತ ಬರೆದಿದ್ದರೆ ಹೆದರಬೇಡಿ, ಅದು ಅದೇ ಹಳೇ 16. ಬಿಡುವಿಲ್ಲದವರಿಗೆ ಹೇಳಿ ಮಾಡಿಸಿದ ಅಳತೆ.

ಆಯ್ಕೆ ಮಾಡುವಾಗ ಕಂತಿನ ಸಂಖ್ಯೆ, ಉದ್ದ ಎರಡನ್ನೂ ನೋಡಿ. ಪರೀಕ್ಷೆ, ಮದುವೆ ಅಂತ ಓಡಾಟವಿರುವ ತಿಂಗಳಲ್ಲಿ ಜಪಾನಿನದು ವಾಸಿ: ಸಾಮಾನ್ಯವಾಗಿ 10-11 ಕಂತು, ತಲಾ 45 ನಿಮಿಷ, ಎಂಟು ಗಂಟೆಯ ಒಳಗೆ-ಹೊರಗೆ ಕತೆ ಮುಗಿಯುತ್ತೆ. ಅದಕ್ಕೂ ಬಿಡುವಿಲ್ಲವೆಂದರೆ ‘ಮಿಡ್‌ನೈಟ್ ಡೈನರ್: ಟೋಕಿಯೋ ಸ್ಟೋರೀಸ್’ ಇದೆ. ಸುಮಾರು 25 ನಿಮಿಷದ ಒಂದೊಂದು ಕಂತೂ ಬೇರೆ ಕತೆ, ತಿಂಗಳು ಬಿಟ್ಟು ಬಂದರೂ ಏನೂ ಮರೆತಿರುವುದಿಲ್ಲ. ಚೀನಾದ್ದು ಕೈಗೆತ್ತಿಕೊಳ್ಳುವ ಮೊದಲು ವರ್ಷ ನೋಡಿ. ಅಲ್ಲಿನ ಸರ್ಕಾರಿ ನಿಯಂತ್ರಕರು 2020ರಲ್ಲಿ ಡ್ರಾಮಾ 40 ಕಂತು ಮೀರಬಾರದು ಅಂತ ಸೂಚಿಸಿದರು. ಅದಕ್ಕಿಂತ ಹಿಂದಿನವು ಸಲೀಸಾಗಿ 50, 70 ದಾಟುತ್ತವೆ. 2018ರ ‘ಸ್ಟೋರಿ ಆಫ್ ಯಾನ್‌ಶಿ ಪ್ಯಾಲೇಸ್’ 70 ಕಂತು. ಅರಮನೆಯ ಕತೆಗಳಲ್ಲಿ ರಾಣಿಯರ ಹೆಸರು, ಪದವಿ ಎರಡೂ ಬದಲಾಗುತ್ತಿರುತ್ತವೆ, ನಾಲ್ಕು ದಿನ ಬಿಟ್ಟರೆ ಯಾರು ಯಾರಿಗೆ ವಿಷ ಹಾಕಿದ್ದು ಅನ್ನುವುದೇ ಕಲಸಿಹೋಗುತ್ತೆ. ಮೊದಲ ಎರಡು ಕಂತು ನೋಡುವಾಗಲೇ ಒಂದು ಚೀಟಿಯಲ್ಲಿ ಹೆಸರು, ಸಂಬಂಧ, ಗುರುತು (‘ಹಸಿರು ಬಟ್ಟೆ, ಸುಳ್ಳಿ’) ಬರೆದಿಟ್ಟರೆ ಸಾಕು.

ಬಸ್ಸು, ಮೆಟ್ರೋದಲ್ಲಿ ನೋಡಲು ಮನೆಯ ವೈಫೈನಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕೆಲವು ಕಂತು ಪ್ಲೇ ಒತ್ತಿದ 48 ಗಂಟೆಗೆ ಅವಧಿ ಮುಗಿದು ನಿಂತುಬಿಡುತ್ತವೆ. ಸುಮ್ಮನೆ ಹೇಗಿದೆ ನೋಡೋಣ ಅಂತ ಎರಡು-ಮೂರು ದಿನ ಮೊದಲೇ ತೆರೆದಿಡಬೇಡಿ. ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿ, ನಿಮ್ಮದಕ್ಕೆ ಪಿನ್ ಹಾಕಿ. ಪೋಸ್ಟರ್‌ನಲ್ಲಿ ಶಾಲಾ ಸಮವಸ್ತ್ರ ಕಂಡಿತೆಂದರೆ ಮಕ್ಕಳ ಕತೆ ಅಂತ ನಂಬಬೇಡಿ, ಶಾಲೆಯೊಳಗಿನ ಹಿಂಸೆಯ ಬಗ್ಗೆಯೇ ಕೊರಿಯನ್ನರು ಘೋರವಾದ ಡ್ರಾಮಾ ಮಾಡಿದ್ದಾರೆ. ವಯಸ್ಸಿನ ಗುರುತು ನೋಡಿ.

ನಾಲ್ಕು ಕಂತು, ಅಂದರೆ ಅಲ್ಲಿಯ ಲೆಕ್ಕದಲ್ಲಿ ಎರಡು ವಾರದ ಪ್ರಸಾರ, ನೋಡಿದ ಮೇಲೂ ಫೋನ್ ಕಡೆ ಕೈ ಹೋಗುತ್ತಿದ್ದರೆ ಬಿಟ್ಟುಬಿಡಿ. ಎಂಟನೇ ಕಂತಿನಿಂದ ಚೆನ್ನಾಗಾಗುತ್ತೆ ಅನ್ನುವವರ ಮನೆಯಲ್ಲಿ ಅಡುಗೆಗೆ ಬೇರೆ ಯಾರೋ ಇರಬೇಕು.