ಲಗ್ನಪತ್ರಿಕೆಯ ಸುಗ್ಗಿಯಲ್ಲಿ ಕಟ್ಟಿದ ಫ್ಯಾನ್ ಕಾರ್ಡ್

ಕಲಬುರಗಿಯಲ್ಲಿ ಲಗ್ನದ ಸುಗ್ಗಿಯೂ ಬಿಸಿಲಿನ ಸುಗ್ಗಿಯೂ ಒಂದೇ ಹೊತ್ತಿಗೆ ಬರುತ್ತವೆ. ಹೊರಗೆ ತಾಪಮಾನ 42 ಡಿಗ್ರಿ ಮುಟ್ಟುವ ಏಪ್ರಿಲ್, ಮೇ ತಿಂಗಳುಗಳಲ್ಲೇ ನಮ್ಮ ಡಿಟಿಪಿ ಅಂಗಡಿಯ ಕಂಪ್ಯೂಟರು ಲಗ್ನಪತ್ರಿಕೆ, ಫ್ಲೆಕ್ಸ್, ಫೋಟೊ ಆಲ್ಬಮ್ ಎಂದು ಬೆಳಗಿನಿಂದ ರಾತ್ರಿಯವರೆಗೆ ದುಡಿಯಬೇಕಾಗುತ್ತದೆ. ಆ ವರ್ಷ ಮಧ್ಯಾಹ್ನದ ಹೊತ್ತಿನಲ್ಲಿ ಎರಡೂ ಮಾನಿಟರುಗಳು ಇದ್ದಕ್ಕಿದ್ದಂತೆ ಕಪ್ಪಾಗಿ, ತುಸು ಹೊತ್ತು ಬಿಟ್ಟು ತಾವಾಗಿಯೇ ಬೆಳಗಲು ಶುರುಮಾಡಿದವು. ಬೆಳಿಗ್ಗೆ ಈ ತೊಂದರೆ ಇರಲಿಲ್ಲ, ರಾತ್ರಿಯೂ ಇರಲಿಲ್ಲ. ತಾಪಮಾನ ತೋರಿಸುವ ತಂತ್ರಾಂಶ ತೆರೆದು ನೋಡಿದರೆ ಪ್ರೊಸೆಸರು 66 ಡಿಗ್ರಿಯಲ್ಲಿ ಆರಾಮಾಗಿತ್ತು. ಮಾನಿಟರುಗಳಿಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು ಮಾತ್ರ 93ಕ್ಕೆ ಏರಿತ್ತು.

ಅದು ಫ್ಯಾನೇ ಇಲ್ಲದ, ಚಿಪ್ಪಿನ ಬಿಸಿಯನ್ನು ಗಾಳಿಗೆ ಬಿಡುವ ಲೋಹದ ರೆಕ್ಕೆಗಳ ಹೀಟ್‌ಸಿಂಕನ್ನಷ್ಟೇ ಹೊತ್ತ 19 ವ್ಯಾಟಿನ ಸಣ್ಣ ಕಾರ್ಡು. ಸದ್ದಿಲ್ಲದಿರಲಿ ಎಂದೇ ಅದನ್ನು ಆರಿಸಿಕೊಂಡಿದ್ದೆ, ತಂಪಾದ ಊರಿನಲ್ಲಿ ಅದಕ್ಕೆ ಯಾವ ಕೊರತೆಯೂ ಆಗುತ್ತಿರಲಿಲ್ಲ. ಆದರೆ ಇಂಟೆಲ್ 1995ರಲ್ಲಿ ರೂಪಿಸಿದ, ಇಂದಿಗೂ ಹೆಚ್ಚಿನ ಡೆಸ್ಕ್‌ಟಾಪುಗಳು ಅನುಸರಿಸುವ ಎಟಿಎಕ್ಸ್ ವಿನ್ಯಾಸದ ಟವರ್ ಕ್ಯಾಬಿನೆಟ್ಟಿನಲ್ಲಿ ಗ್ರಾಫಿಕ್ಸ್ ಕಾರ್ಡು ಮಗುಚಿಕೊಂಡು ಕೂರುತ್ತದೆ, ಅಂದರೆ ಚಿಪ್ಪೂ ಹೀಟ್‌ಸಿಂಕೂ ಕೆಳಮುಖವಾಗಿರುತ್ತವೆ. ಬಿಸಿಯಾದ ಗಾಳಿ ಮೇಲೇರಬೇಕೆಂದರೆ ಕಾರ್ಡಿನ ಹಲಗೆಯೇ ತಲೆಯ ಮೇಲೆ ಸೂರಿನಂತೆ ಅಡ್ಡ ನಿಂತಿರುತ್ತದೆ. ಮುಂದಿನಿಂದ ಬಂದ ಗಾಳಿ ಪ್ರೊಸೆಸರಿನ ಕಡೆಗೆ ಓರೆಯಾಗಿ ಏರಿ ಹಿಂದಿನ ಫ್ಯಾನಿನಿಂದ ಹೊರಟುಹೋಗುವುದರಿಂದ, ಕಾರ್ಡಿನ ಕೆಳಗೆ, ಬೇರೆ ಕಾರ್ಡುಗಳನ್ನು ಕೂರಿಸಲೆಂದಿದ್ದೂ ಖಾಲಿ ಬಿದ್ದ ಸ್ಲಾಟುಗಳ ಆ ಮೂಲೆಗೆ ಅದರ ಸುಳಿವೂ ಹತ್ತುವುದಿಲ್ಲ. ಕ್ಯಾಬಿನೆಟ್ಟಿಗೆ ಇನ್ನೂ ದೊಡ್ಡ ಫ್ಯಾನು ಹಾಕಿಸಿ ಎಂದು ಸಲಹೆ ಕೊಡುವವರು ಗಾಳಿ ಎಲ್ಲಿ ಹರಿಯುತ್ತದೆ, ಎಲ್ಲಿ ಹರಿಯುವುದಿಲ್ಲ ಎಂಬುದನ್ನು ನೋಡಿರುವುದಿಲ್ಲ. ನನಗೆ ಬೇಕಾಗಿದ್ದದ್ದು ಹೆಚ್ಚು ಗಾಳಿಯಲ್ಲ, ಆ ಮೂಲೆಯಲ್ಲಿ ಗಾಳಿ.

ಸೂಪರ್ ಮಾರ್ಕೆಟ್ಟಿನ ಹತ್ತಿರ ರೇಡಿಯೊ, ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತೇವೆ. ವಿಷಯ ಕೇಳಿದ ಅವರು, "ಇಷ್ಟ್ಯಾಕ ಒದ್ದಾಡ್ತಿ ತಮ್ಮಾ? ಬಾಜೂಕಿನ ಪತ್ರಾ ಬಿಚ್ಚಿ ಒಂದು ಟೇಬಲ್ ಫ್ಯಾನ್ ಹಚ್ಚಿಬಿಡು" ಎಂದರು. ಊರಿನ ಅರ್ಧ ಅಂಗಡಿಗಳಲ್ಲಿ ನಡೆಯುವುದೂ ಅದೇ. ಆದರೆ ನಮ್ಮ ಅಂಗಡಿಯ ಹಿಂದೆ ತೊಗರಿ ಬೇಳೆಯ ಮಿಲ್ಲು ಇದೆ. ಬಾಗಿಲು ಹಾಕಿದ್ದರೂ ಸಂಜೆಯೊಳಗೆ ಕೀಬೋರ್ಡಿನ ಮೇಲೆ ಹಳದಿ ಹೊಟ್ಟಿನ ಪುಡಿ ಕೂತಿರುತ್ತದೆ. "ಕಾಕಾ, ಮಿಲ್ಲಿನ ಧೂಳೆಲ್ಲಾ ಒಳಗ ಹೋಗ್ತದರಿ" ಎಂದಾಗ ಅವರು ನಕ್ಕು, ತಮ್ಮ ಡಬ್ಬಿಗಳನ್ನು ತಡಕಾಡಿ, ಬಿಸಿಗೆ ತಕ್ಕಂತೆ ವಿದ್ಯುತ್ ರೋಧ ಬದಲಿಸುವ ಥರ್ಮಿಸ್ಟರೊಂದನ್ನು ಹುಡುಕಿಕೊಟ್ಟರು. ಸ್ಲಾಟಿನಲ್ಲಿ ಕೂರಿಸುವ ಫ್ಯಾನುಗಳು ತಯಾರಾಗಿಯೇ ಸಿಗುತ್ತವೆ, ನಿಜ. ಆದರೆ ಅವುಗಳಲ್ಲಿ ಹೆಚ್ಚಿನವು ಗಾಳಿಯನ್ನು ಎಳೆದು ಹಿಂದಕ್ಕೆ ಹಾಕುತ್ತವೆ, ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ನೇರವಾಗಿ ಊದುವುದಿಲ್ಲ. ಹಾಗಾಗಿ ನಾನೇ ಒಂದನ್ನು ಕಟ್ಟಲು ಕೂತೆ.

ಪಕ್ಕಪಕ್ಕದ ಎರಡು ಸ್ಲಾಟುಗಳ ನಡುವಿನ ಅಂತರ 20.32 ಮಿಲಿಮೀಟರು. ಸಾಮಾನ್ಯ ಫ್ಯಾನಿನ ದಪ್ಪ 25 ಮಿಲಿಮೀಟರಾದ್ದರಿಂದ ಅದು ಎರಡು ಸ್ಲಾಟು ನುಂಗುತ್ತದೆ. 15 ಮಿಲಿಮೀಟರಿನ ತೆಳು ಫ್ಯಾನಾದರೆ ಒಂದರಲ್ಲೇ ಹಿಡಿಸುತ್ತದೆ, ಕೆಳಗೆ ಗಾಳಿ ಎಳೆದುಕೊಳ್ಳಲು ಜಾಗವೂ ಉಳಿಯುತ್ತದೆ. 80 ಮಿಲಿಮೀಟರಿನ ಎರಡು ತೆಳು ಫ್ಯಾನುಗಳನ್ನು ತರಿಸಿಕೊಂಡೆ. ನಾಮಫಲಕ ಬರೆಯುವ ಅಂಗಡಿಯಲ್ಲಿ ಅಲ್ಯೂಮಿನಿಯಂ ತಗಡಿನ ತುಂಡೊಂದು ಸಿಕ್ಕಿತು. ಅದರ ಮೇಲೆ ಫ್ಯಾನಿನ ಸ್ಕ್ರೂ ರಂಧ್ರಗಳಿಗೆ 71.5 ಮಿಲಿಮೀಟರಿನ ಚೌಕ ಗುರುತು ಹಾಕಿ, ಗಾಳಿಯ ದೊಡ್ಡ ಕಿಂಡಿಗೆ ವೃತ್ತದ ಉದ್ದಕ್ಕೂ ಸಣ್ಣ ರಂಧ್ರಗಳನ್ನು ಒತ್ತೊತ್ತಾಗಿ ಕೊರೆದು, ನಡುವಿನ ಬಿಲ್ಲೆಯನ್ನು ತಟ್ಟಿ ತೆಗೆದು, ಅಂಚನ್ನು ಅರದಿಂದ ಉಜ್ಜಿ ನಯಗೊಳಿಸಿದೆ. ಈ ಕೆಲಸವನ್ನು ಕಂಪ್ಯೂಟರಿನಿಂದ ದೂರ, ಹೊರಗಿನ ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಮಾಡಿದೆ. ಲೋಹದ ಒಂದು ಚೂರು ಮದರ್‌ಬೋರ್ಡಿನ ಮೇಲೆ ಬಿದ್ದರೂ ಸಾಕು, ಫ್ಯಾನಿನ ಅಗತ್ಯವೇ ಇಲ್ಲದಂತಾಗುತ್ತದೆ. ಖಾಲಿ ಸ್ಲಾಟಿನ ಹಿಂದೆ ಮುಚ್ಚಿರುವ ಪಟ್ಟಿಯನ್ನೇ ಬಿಚ್ಚಿ, ಎಲ್ ಆಕಾರದ ಎರಡು ಸಣ್ಣ ಕ್ಲ್ಯಾಂಪುಗಳಿಂದ ತಗಡನ್ನು ಅದಕ್ಕೆ ಬಿಗಿದೆ. ಹಿಂದಿನ ತುದಿ ಗಟ್ಟಿಯಾಯಿತು. ಮುಂದಿನ ತುದಿ ಜೋತುಬೀಳದಂತೆ ಹಾರ್ಡ್ ಡಿಸ್ಕಿನ ಚೌಕಟ್ಟಿಗೆ ಒಂದು ಊರುಗೋಲು ಕೊಡಬೇಕಾಯಿತು.

ಕಾರ್ಡು ಎಂದ ಮೇಲೆ ವಿದ್ಯುತ್ತನ್ನೂ ಸ್ಲಾಟಿನಿಂದಲೇ ಪಡೆಯಬಾರದೇಕೆ ಎಂಬ ಆಸೆ ಯಾರಿಗಾದರೂ ಹುಟ್ಟುತ್ತದೆ. ಪಿಸಿಐ ಎಂಬ ಬಗೆಯ ಸ್ಲಾಟಿನಲ್ಲಿ 12 ವೋಲ್ಟ್ ಇದೆ. ಆದರೆ ಒಂದು ಬದಿಯ ಮೊದಲ ಪಿನ್ನಿನಲ್ಲಿ ಋಣ 12 ವೋಲ್ಟ್, ಎದುರು ಬದಿಯ ಎರಡನೆಯ ಪಿನ್ನಿನಲ್ಲಿ ಧನ 12 ವೋಲ್ಟ್, ಪಿನ್ನಿನಿಂದ ಪಿನ್ನಿಗೆ ಇರುವ ಅಂತರ ಬರೀ 1.27 ಮಿಲಿಮೀಟರು. ಕೈಯಿಂದ ಕೊರೆದ ತಾಮ್ರದ ಗೆರೆ ಕೂದಲೆಳೆಯಷ್ಟು ಜರುಗಿದರೂ ಮದರ್‌ಬೋರ್ಡು ಸುಟ್ಟೀತು. ಆದ್ದರಿಂದ ನನ್ನ ಕಾರ್ಡು ಸ್ಲಾಟನ್ನು ಮುಟ್ಟುವುದೇ ಇಲ್ಲ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಬರುವ ನಾಲ್ಕು ತಂತಿಯ ಮೋಲೆಕ್ಸ್ ಕನೆಕ್ಟರಿನ ಹಳದಿ ತಂತಿಯಿಂದ 12 ವೋಲ್ಟನ್ನೂ ಕಪ್ಪು ತಂತಿಯಿಂದ ಗ್ರೌಂಡನ್ನೂ ತೆಗೆದುಕೊಂಡೆ. ಹಳದಿ ತಂತಿಗೂ 5 ವೋಲ್ಟಿನ ಕೆಂಪು ತಂತಿಗೂ ನಡುವೆ ಫ್ಯಾನು ಜೋಡಿಸಿ 7 ವೋಲ್ಟಿನಲ್ಲಿ ನಿಧಾನವಾಗಿ ತಿರುಗಿಸುವ ಹಳೆಯ ಉಪಾಯವನ್ನು ಅನೇಕರು ಮೆಚ್ಚುತ್ತಾರೆ, ನನಗದು ಒಗ್ಗದು. ಫ್ಯಾನು ಎಂದಾದರೂ ಶಾರ್ಟ್ ಆದರೆ 12 ವೋಲ್ಟು ನೇರವಾಗಿ 5 ವೋಲ್ಟಿನ ಸಾಲಿಗೆ ನುಗ್ಗುತ್ತದೆ, ಆ ಸಾಲಿನಲ್ಲಿ ಗಿರಾಕಿಗಳ ಫೈಲು ತುಂಬಿದ ಹಾರ್ಡ್ ಡಿಸ್ಕೂ ಇರುತ್ತದೆ.

ವೇಗ ಹೊಂದಿಸಲು ಕಾಕಾ ಕೊಟ್ಟ ಥರ್ಮಿಸ್ಟರು ಒದಗಿಬಂತು. 25 ಡಿಗ್ರಿಯಲ್ಲಿ 10 ಕಿಲೊಓಮ್ ಇರುವ ಅದರ ರೋಧ ಬಿಸಿ ಹೆಚ್ಚಿದಂತೆ ಇಳಿಯುತ್ತದೆ, 60 ಡಿಗ್ರಿಗೆ ಬರುವಾಗ ಸುಮಾರು ಎರಡೂವರೆ ಕಿಲೊಓಮ್ ಉಳಿದಿರುತ್ತದೆ. ಅದನ್ನೂ, ತಿರುಗಿಸಿ ರೋಧ ಹೊಂದಿಸಬಹುದಾದ ಒಂದು ಪ್ರಿಸೆಟ್ಟನ್ನೂ ಸರಣಿಯಲ್ಲಿ ಜೋಡಿಸಿ, ನಡುವಿನ ವೋಲ್ಟೇಜನ್ನು ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್ಟಿನ, ಅಂದರೆ ವೋಲ್ಟೇಜಿಗೆ ತಕ್ಕಂತೆ ಕರೆಂಟು ಬಿಡುವ ಟ್ರಾನ್ಸಿಸ್ಟರಿನ, ಗೇಟ್ ಎಂಬ ಪಿನ್ನಿಗೆ ಕೊಟ್ಟೆ. ಹೀಟ್‌ಸಿಂಕು ಕಾದಂತೆ ಗೇಟಿನ ವೋಲ್ಟೇಜು ಏರಿ ಫ್ಯಾನುಗಳ ವೇಗವೂ ಏರುತ್ತದೆ. ಬೆಳಗಿನ ತಂಪಿನಲ್ಲಿ ಅವು ಪೂರ್ತಿ ನಿಂತುಹೋಗದಿರಲಿ ಎಂದು ಮಾಸ್‌ಫೆಟ್ಟಿಗೆ ಸಮಾಂತರವಾಗಿ 2 ವ್ಯಾಟಿನ 22 ಓಮ್ ರೆಸಿಸ್ಟರು ಹಾಕಿದೆ. ಅದರಿಂದ ಫ್ಯಾನುಗಳಿಗೆ ಯಾವಾಗಲೂ ಕನಿಷ್ಠ 8 ವೋಲ್ಟು ಸಿಗುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಈ ಮಾಸ್‌ಫೆಟ್ಟಿನ ಲೋಹದ ಬೆನ್ನು ಒಳಗಿನಿಂದ ಡ್ರೇನಿಗೇ, ಅಂದರೆ ಫ್ಯಾನುಗಳ ತಂತಿ ಸೇರುವ ಪಿನ್ನಿಗೇ ಸೇರಿರುತ್ತದೆ. ಅದನ್ನು ನೇರವಾಗಿ ತಗಡಿಗೆ ಸ್ಕ್ರೂ ಮಾಡಿದರೆ ತಗಡಿನ ಮೂಲಕ ಕ್ಯಾಬಿನೆಟ್ಟಿಗೆ, ಅಂದರೆ ಗ್ರೌಂಡಿಗೆ ದಾರಿ ಸಿಕ್ಕಿ, ಥರ್ಮಿಸ್ಟರು ಏನೇ ಹೇಳಲಿ ಫ್ಯಾನುಗಳು ಸದಾ ಪೂರ್ತಿ ವೇಗದಲ್ಲಿ ಓಡುತ್ತವೆ. ನಡುವೆ ಮೈಕಾ ಹಾಳೆಯನ್ನೂ ಸ್ಕ್ರೂವಿಗೆ ಪ್ಲಾಸ್ಟಿಕ್ ಬುಶ್ಶನ್ನೂ ಹಾಕಿ, ಮಲ್ಟಿಮೀಟರಿನಲ್ಲಿ ಸಂಪರ್ಕವಿಲ್ಲವೆಂದು ನೋಡಿದ ಮೇಲೆಯೇ ಕರೆಂಟು ಕೊಟ್ಟೆ.

ಗಾಳಿ ಎತ್ತ ಹೋಗುತ್ತಿದೆ ಎಂದು ನೋಡಲು ಊದುಬತ್ತಿಗಿಂತ ಒಳ್ಳೆಯ ಉಪಕರಣವಿಲ್ಲ. ಕ್ಯಾಬಿನೆಟ್ಟಿನ ಬದಿ ತೆರೆದು ಫ್ಯಾನುಗಳ ಕೆಳಗೆ ಹಿಡಿದಾಗ ಹೊಗೆ ಸರ್ರನೆ ಮೇಲೇರಿ ಹೀಟ್‌ಸಿಂಕಿನ ರೆಕ್ಕೆಗಳೊಳಗೆ ಹೊಕ್ಕಿತು. ಆದರೆ ಕಾರ್ಡಿನ ಹಲಗೆಗೆ ತಾಗಿ, ಅಂಚಿನಿಂದ ಹೊರಬಂದು, ಮತ್ತೆ ಕೆಳಗಿಳಿದು ಅದೇ ಫ್ಯಾನುಗಳ ಬಾಯಿಗೆ ಬಿತ್ತು. ಒಮ್ಮೆ ಕಾದ ಗಾಳಿಯನ್ನೇ ಅವು ತಿರುಗಿಸಿ ಊದುತ್ತಿದ್ದವು. ಮನೆಯಲ್ಲಿದ್ದ ಹಳೆಯ ಎಕ್ಸ್‌ರೇ ಫಿಲ್ಮನ್ನು ಪಟ್ಟಿಯಾಗಿ ಕತ್ತರಿಸಿ, ತಗಡಿನ ಅಂಚಿಗೆ ಪರದೆಯಂತೆ ನಿಲ್ಲಿಸಿ, ಕಾರ್ಡಿನ ಪಕ್ಕದ ಸ್ಲಾಟು ಪಟ್ಟಿಯೊಂದನ್ನು ತೆಗೆದು ಬಿಸಿಗಾಳಿಗೆ ಹಿಂದಕ್ಕೆ ದಾರಿ ಮಾಡಿದೆ. ಈ ಸಲ ಹೊಗೆ ಹಿಂಬದಿಯಿಂದ ಎಳೆಯಾಗಿ ಹೊರಬಂತು. ಫ್ಯಾನಿನ ಆಯ್ಕೆಗಿಂತ ಈ ಫಿಲ್ಮಿನ ಪಟ್ಟಿಯಿಂದಲೇ ಹೆಚ್ಚು ಉಪಕಾರವಾಯಿತೆಂದು ಈಗಲೂ ನನ್ನ ಅಭಿಪ್ರಾಯ.

ಮರುದಿನ ಮಧ್ಯಾಹ್ನ ಅಂಗಡಿಯೊಳಗೆ 39 ಡಿಗ್ರಿ ಇದ್ದಾಗ ದೊಡ್ಡದೊಂದು ಆಲ್ಬಮ್ಮಿನ ಕೆಲಸ ಹಚ್ಚಿ ಕಾದು ನೋಡಿದೆ. ಕಾರ್ಡು 64 ಡಿಗ್ರಿಯಲ್ಲಿ ನಿಂತಿತು. ಯಾವ ಫ್ಯಾನೂ ಕಾರ್ಡನ್ನು ಕೋಣೆಗಿಂತ ತಣ್ಣಗೆ ಮಾಡಲಾರದು, ಆದ್ದರಿಂದ ನೋಡಬೇಕಾದದ್ದು ಕೋಣೆಗೂ ಕಾರ್ಡಿಗೂ ಇರುವ ಅಂತರವನ್ನು. ಮೊದಲು 54 ಡಿಗ್ರಿ ಇದ್ದ ಆ ಅಂತರ 25ಕ್ಕೆ ಇಳಿದಿತ್ತು. ಎರಡೂ ಫ್ಯಾನುಗಳು ಪೂರ್ತಿ ವೇಗದಲ್ಲಿ ಎಳೆಯುವುದು 0.28 ಆಂಪಿಯರು, ಅಂದರೆ ಮೂರೂವರೆ ವ್ಯಾಟಿಗೂ ಕಡಿಮೆ. ಕರೆಂಟು ಹೋದಾಗ ಯುಪಿಎಸ್ಸಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಸದ್ದು ಸ್ವಲ್ಪ ಹೆಚ್ಚಾಗಿದೆ. ಆದರೆ ಮಿಲ್ಲಿನ ಗದ್ದಲ ಸಾಕಷ್ಟಿರುವ ಕಡೆ ಅದರ ಬಗ್ಗೆ ದೂರುವವರು ಯಾರಿದ್ದಾರೆ?

ಮಲಗಿಸಿದ ಸ್ಥಿತಿಯಲ್ಲಿ ಓಡುವ ಫ್ಯಾನುಗಳಿಗೆ, ಗುಂಡುಗಳಿಲ್ಲದೆ ಅಕ್ಷ ಬರೀ ಕೊಳವೆಯೊಳಗೆ ತಿರುಗುವ ಸ್ಲೀವ್ ಬೇರಿಂಗ್ ಬಾಳಿಕೆ ಬರುವುದಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಎರಡರಲ್ಲೊಂದು ಕಿರುಗುಟ್ಟತೊಡಗಿದ್ದರಿಂದ ಎರಡನ್ನೂ ಬಾಲ್ ಬೇರಿಂಗಿನವಕ್ಕೆ ಬದಲಿಸಿದೆ. ಬೇಳೆಯ ಪುಡಿ ತಡೆಯಲು ಮುಂದಿನ ಜಾಲರಿಗೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೇನೆ, ಶನಿವಾರಕ್ಕೊಮ್ಮೆ ಅದನ್ನು ಒದರಿ ಹಾಕಬೇಕು. ಕಾಕಾ ಒಂದು ದಿನ ಬಂದು ಬಗ್ಗಿ ನೋಡಿ, ತಮ್ಮ ಅಂಗಡಿಯ ಸಿಸಿಟಿವಿ ಪೆಟ್ಟಿಗೆಗೂ ಇಂಥದ್ದೊಂದು ಬೇಕೆಂದಿದ್ದಾರೆ. ಅದರಲ್ಲಿ ಸ್ಲಾಟುಗಳೇ ಇಲ್ಲವಾದ್ದರಿಂದ ತಗಡನ್ನು ಎಲ್ಲಿಗೆ ಬಿಗಿಯುವುದೆಂದು ಇಬ್ಬರೂ ಅಳತೆ ಹಿಡಿಯುತ್ತಿದ್ದೇವೆ.